ಬರೋಡಾದಿಂದ ಬೆಂಗಳೂರಿಗೆ ಎಷ್ಟು ದೂರ?

ಹೋದ ತಿಂಗಳು ನಮ್ಮ ಶಾಖೆಗೆ ದಾವಣಗೆರೆಯ ಹುಡುಗಿಯೊಬ್ಬಳು ವರ್ಗವಾಗಿ ಬಂದಳು. ಹೊಸ ಆಫೀಸರ್, ಇನ್ನೂ ಇಪ್ಪತ್ತಾರು ತುಂಬಿಲ್ಲ. ಆಲ್ಕಾಪುರಿಯಲ್ಲೇ ಒಂದು ಪಿ.ಜಿ. ಹಿಡಿದಿದ್ದಾಳೆ. ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾದ ಕೂಡಲೇ ಊಟದ ಡಬ್ಬಿ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದಳು.

"ಊರು ದೂರ ಆಯ್ತು ಅಂತ ಬೇಜಾರೇನಮ್ಮಾ?" ಅಂದೆ.

"ಏನು ದೂರ ಸಾರ್, ಬೆಂಗಳೂರಿಗೆ ಎರಡು ಗಂಟೆ!" ಅಂದಳು.

ನಾನು ನಕ್ಕು ಸುಮ್ಮನಾದೆ. ಆದರೆ ಆ 'ಎರಡು ಗಂಟೆ' ಮಧ್ಯಾಹ್ನವೆಲ್ಲ ತಲೆಯಲ್ಲಿ ಕೂತಿತ್ತು. 1991ರಲ್ಲಿ ನಾನು ಇದೇ ಊರಿಗೆ ಬಂದಾಗ ಯಾರಾದರೂ ಕೇಳಿದರೆ ನಾನು ಹೇಳುತ್ತಿದ್ದದ್ದು 'ಎರಡು ದಿನ' ಅಂತ. ಊರು ಎರಡೂ ಅಲ್ಲೇ ಇವೆ, ಮಧ್ಯದ ನೆಲವೂ ಅಷ್ಟೇ ಇದೆ. ಹಾಗಾದರೆ ನಡುವೆ ಕರಗಿ ಹೋದದ್ದು ಏನು? ಬಿ.ಕಾಂ. ಓದಿದವನಿಗೆ ಲೆಕ್ಕ ತಾಳೆಯಾಗದಿದ್ದರೆ ನಿದ್ದೆ ಬರುವುದಿಲ್ಲ. ಅದಕ್ಕೇ ಈ ಬರಹ.

(ಊರಿನ ಹೆಸರು 1974ರಿಂದ ವಡೋದರಾ. ಆದರೆ ನಮ್ಮ ಬಾಯಲ್ಲಿ ಇನ್ನೂ ಬರೋಡಾ. ನೀವು ಬೆಂಗಳೂರನ್ನು ಬ್ಯಾಂಗ್ಲೂರ್ ಅನ್ನುವುದಿಲ್ಲವೇ, ಹಾಗೆ.)

ಮೊದಲು ಅಳತೆ. ಹಕ್ಕಿ ಹಾರುವ ಹಾಗೆ ನೇರವಾಗಿ ಅಳೆದರೆ ಬೆಂಗಳೂರಿಗೆ ಸೂರತ್‌ನಿಂದ ಸುಮಾರು 1,025 ಕಿ.ಮೀ., ಬರೋಡಾದಿಂದ 1,120, ಅಹಮದಾಬಾದಿನಿಂದ 1,220. ರೈಲಿನಲ್ಲಿ ಹೋದರೆ ಬರೋಡಾದಿಂದ ಸಾವಿರದೈನೂರು ಕಿ.ಮೀ. ದಾಟುತ್ತದೆ, ಯಾಕೆಂದರೆ ಹಳಿ ಮುಂಬೈ ಹತ್ತಿರ ಸುತ್ತಿ, ಘಾಟಿ ಹತ್ತಿ, ಪುಣೆ, ಮೀರಜ್, ಬೆಳಗಾವಿ, ಹುಬ್ಬಳ್ಳಿ ಎಲ್ಲರನ್ನೂ ಮಾತಾಡಿಸಿಕೊಂಡು ಬರಬೇಕು.

ಈಗ ಹಾರುವ ಹೊತ್ತು. ವಿಮಾನ ಮೇಲಕ್ಕೇರಿ ಸಮಕ್ಕೆ ನಿಂತ ಮೇಲೆ ಗಂಟೆಗೆ ಎಂಟುನೂರು ಕಿ.ಮೀ. ಮೇಲೆಯೇ ಓಡುತ್ತದೆ. ಆ ಲೆಕ್ಕಕ್ಕೆ ಒಂದೂವರೆ ಗಂಟೆ ಸಾಕು. ಆದರೆ ಟೈಂಟೇಬಲ್ಲಿನಲ್ಲಿ ಎರಡು ಗಂಟೆ ಹತ್ತಿರ ತೋರಿಸುತ್ತಾರೆ. ಕಾರಣ, ಅವರ ಲೆಕ್ಕ ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣಕ್ಕೆ ಶುರುವಾಗಿ ಇನ್ನೊಂದು ಊರಲ್ಲಿ ನಿಂತ ಕ್ಷಣಕ್ಕೆ ಮುಗಿಯುತ್ತದೆ. ನೆಲದ ಮೇಲೆ ಉರುಳುವುದು, ಸರದಿಗೆ ಕಾಯುವುದು, ಏರುವುದು, ಇಳಿಯುವುದು ಎಲ್ಲ ಅದರೊಳಗೇ.

ಇನ್ನೊಂದು ತಮಾಷೆ. ಈ ಆಕಾಶದ ಎರಡು ಗಂಟೆ ಹೊಸದೇನಲ್ಲ. ಇಂಡಿಯನ್ ಏರ್‌ಲೈನ್ಸ್ 1964ರಲ್ಲೇ ಕ್ಯಾರವೆಲ್ ಎಂಬ ಜೆಟ್ ತಂದಿತ್ತು. ಈಗಿನ ವಿಮಾನಕ್ಕೂ ಅದಕ್ಕೂ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಂದರೆ ನಾನು ಹುಟ್ಟುವ ಮೊದಲೇ ಮನುಷ್ಯ ಈ ದೂರವನ್ನು ಎರಡು ಗಂಟೆಯಲ್ಲಿ ದಾಟಬಲ್ಲವನಾಗಿದ್ದ. ನಾನು ಮಾತ್ರ 1991ರಲ್ಲೂ ಎರಡು ದಿನ ತೆಗೆದುಕೊಳ್ಳುತ್ತಿದ್ದೆ.

ಅದಕ್ಕಿಂತ ಹಿಂದಿನದು ಕೇಳಿ. ಟಾಟಾದವರ ನಿಯಮಿತ ಏರ್‌ಮೇಲ್ ಸೇವೆ ಮೊದಲು ಹೊರಟದ್ದು 1932ರ ಅಕ್ಟೋಬರ್ 15ರಂದು. ಲಂಡನ್ನಿನ ಅಂಚೆ ಇಂಪೀರಿಯಲ್ ಏರ್‌ವೇಸ್ ವಿಮಾನದಲ್ಲಿ ಕರಾಚಿಗೆ ಬಂದಿಳಿಯುತ್ತಿತ್ತು. ಅಲ್ಲಿಂದ ಜೆ.ಆರ್.ಡಿ. ಟಾಟಾ ಒಬ್ಬರೇ ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಅಂಚೆ ಚೀಲ ಹಾಕಿಕೊಂಡು ಹೊರಟರು. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲ್ ತುಂಬಿಸಿಕೊಂಡರು. ಆ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನದ ಹೊತ್ತಿಗೆ ಬೊಂಬಾಯಿಯ ಜುಹು. ಅಲ್ಲಿಂದ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಇನ್ನೊಂದು ಪುಸ್ ಮಾತ್‌ನಲ್ಲಿ ಅಂಚೆ ಹೊತ್ತು ಮದ್ರಾಸಿನ ಕಡೆ ಹೊರಟರು. ರಾತ್ರಿ ಹಾರುವ ಹಾಗಿಲ್ಲ, ದಾರಿಯಲ್ಲಿ ತಂಗಬೇಕು.

ಎಲ್ಲಿ ತಂಗಿದರು ಗೊತ್ತೇ? ನಮ್ಮ ಬಳ್ಳಾರಿಯಲ್ಲಿ!

ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಮುಂದೆ ಈ ಅಂಚೆ ದಾರಿ ಬಳ್ಳಾರಿ ಬಿಟ್ಟು ಹೈದರಾಬಾದಿನ ಮೇಲೆ ಹೋಯಿತು. ಆದರೂ ಟಾಟಾದವರ ಮೊದಲ ವಿಮಾನ ಮಾರ್ಗದ ಐದೇ ಐದು ಊರುಗಳಲ್ಲಿ ಒಂದು ಗುಜರಾತಿನದು, ಒಂದು ಈಗಿನ ಕರ್ನಾಟಕದ್ದು ಎನ್ನುವುದು ಓದಿದಾಗ ನನಗೆ ಮೈ ಜುಮ್ಮೆಂದಿತು. ಗಂಟೆಗೆ ನೂರಾ ಅರವತ್ತು ಕಿ.ಮೀ. ಆಸುಪಾಸಿನಲ್ಲಿ ಹೋಗುವ ವಿಮಾನ. ಬೆಳಿಗ್ಗೆ ಅಹಮದಾಬಾದಿನಲ್ಲಿದ್ದ ಕಾಗದ ಅದೇ ದಿನ ಬಳ್ಳಾರಿಯಲ್ಲಿ.

ಈ ದಿನಾಂಕ ನೆನಪಿಟ್ಟುಕೊಂಡಿರಿ, ಮತ್ತೆ ಬೇಕಾಗುತ್ತದೆ.

ಈಗ ನೆಲದ ಮೇಲಿನ ಕಥೆ. ಬರೋಡಾಕ್ಕೆ ರೈಲು ಬಂದದ್ದು 1861ರಲ್ಲಿ, ಬೆಂಗಳೂರಿಗೆ 1864ರಲ್ಲಿ. ಮೂರೇ ವರ್ಷದ ಅಂತರ, ಅಕ್ಕ ತಂಗಿ ಇದ್ದ ಹಾಗೆ. ಆದರೆ ಮದುವೆಯಾಗಿ ಹೋದದ್ದು ಬೇರೆ ಬೇರೆ ಮನೆಗೆ. ಬರೋಡಾದ ಹಳಿ ಬೊಂಬಾಯಿ ಕಡೆಗೆ, ಬೆಂಗಳೂರಿನ ಹಳಿ ಜೋಲಾರಪೇಟೆ ಮೇಲೆ ಮದ್ರಾಸಿನ ಕಡೆಗೆ. ಒಂದಕ್ಕೊಂದು ಬೆನ್ನು ಹಾಕಿಕೊಂಡವು. (ಇಲ್ಲೇ ಹತ್ತಿರದ ಡಭೋಯಿಯಲ್ಲಿ 1862ರಲ್ಲಿ ಗಾಯಕವಾಡ ಮಹಾರಾಜರು ಕಿರಿದಾದ ಹಳಿ ಹಾಕಿಸಿ ರೈಲು ಓಡಿಸಿದ್ದರು. ಮೊದಮೊದಲು ಅದನ್ನು ಎಳೆದದ್ದು ಎತ್ತುಗಳು. ಗುಜರಾತಿನಲ್ಲಿ ರೈಲಿಗೂ ವಿಮಾನಕ್ಕೂ ಎತ್ತೇ ಆಸರೆ!)

ಇಬ್ಬರನ್ನೂ ಜೋಡಿಸುವ ಪುಣೆ–ಹುಬ್ಬಳ್ಳಿ ಕಡೆಯ ಹಳಿ ಬಂದದ್ದು 1880ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಹಾಕಿದ್ದು. 1876–78ರ ಬರಗಾಲದಲ್ಲಿ ನಮ್ಮ ಕಡೆ ಜನ ಹುಳುಗಳ ಹಾಗೆ ಸತ್ತಿದ್ದರು. ಇನ್ನೊಂದು ಬರ ಬಂದರೆ ಧಾನ್ಯ ಸಾಗಿಸಬೇಕು, ಖರ್ಚೂ ಕಡಿಮೆ ಇರಬೇಕು ಎಂದು ಮೀಟರ್ ಗೇಜ್ ಹಾಕಿದರು. ಬೊಂಬಾಯಿ, ಬರೋಡಾ ಕಡೆಯದು ಐದೂವರೆ ಅಡಿಯ ಬ್ರಾಡ್ ಗೇಜ್. ಒಂದರ ಗಾಡಿ ಇನ್ನೊಂದರ ಮೇಲೆ ಓಡುವುದಿಲ್ಲ. ಆವತ್ತು ಉಳಿಸಿದ ದುಡ್ಡಿನ ಬಡ್ಡಿಯನ್ನು ನಾವು ನೂರು ವರ್ಷ ಕಟ್ಟಿದೆವು... ಇಳಿದು ಹತ್ತುವ ರೂಪದಲ್ಲಿ.

ಮೊದಲು ಪುಣೆಯಲ್ಲಿ ಇಳಿದು ಹತ್ತಬೇಕಿತ್ತು. 1970ರ ದಶಕದ ಆರಂಭದಲ್ಲಿ ಪುಣೆ–ಮೀರಜ್ ಬ್ರಾಡ್ ಗೇಜ್ ಆದ ಮೇಲೆ ಆ ಜಾಗ ಮೀರಜಿಗೆ ಬಂತು. ಮೀರಜಿನಲ್ಲಿ ಬ್ರಾಡ್, ಮೀಟರ್, ಲಾತೂರ್ ಕಡೆಯ ನ್ಯಾರೋ ಗೇಜ್ ಮೂರೂ ಸೇರುತ್ತಿದ್ದವು. ನನ್ನ ವಯಸ್ಸಿನ ಉತ್ತರ ಕರ್ನಾಟಕದವರಿಗೆ ಆ ಸ್ಟೇಷನ್ ಚೆನ್ನಾಗಿ ನೆನಪಿರುತ್ತದೆ. ಟ್ರಂಕು, ಹಾಸಿಗೆ ಸುರುಳಿ, ಅಳುವ ಮಗು, ಕೂಲಿಯ ಹಿಂದೆ ಓಟ. ಹಳದಿ ಬಲ್ಬಿನ ಕೆಳಗೆ ಗಂಟೆಗಟ್ಟಲೆ ಕಾಯುವುದು.

ಹಾಗಂತ ಇಳಿದು ಹತ್ತುವುದರಿಂದ ನಷ್ಟವೇ ಆಯಿತು ಅನ್ನಲಾರೆ. ಉಸ್ತಾದ್ ಅಬ್ದುಲ್ ಕರೀಂ ಖಾನರು ಹೆಸರು ಮಾಡಿದ್ದು ಇದೇ ಬರೋಡಾದ ಆಸ್ಥಾನದಲ್ಲಿ. ಇಲ್ಲಿ ತಾರಾಬಾಯಿ ಮಾನೆ ಅವರನ್ನು ಪ್ರೀತಿಸಿ, ಊರು ಬಿಟ್ಟು ಹೋಗಬೇಕಾಗಿ ಬಂದು, ಕೊನೆಗೆ ಮೀರಜಿನಲ್ಲಿ ನೆಲೆಸಿದರು. ಅಲ್ಲಿಂದ ಮೈಸೂರು ಅರಮನೆಗೆ ಹಾಡಲು ಹೋಗುವಾಗ ದಾರಿಯಲ್ಲಿ ಹುಬ್ಬಳ್ಳಿ–ಧಾರವಾಡದಲ್ಲಿ ತಂಗುವುದು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಬರೋಡಾ ಆಸ್ಥಾನದ ಇನ್ನೊಬ್ಬ ದೊಡ್ಡ ಗವಾಯಿ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸೀಕಿ' ಎಂಬ ಬಿರುದು ಕೊಟ್ಟದ್ದೂ ಮೈಸೂರೇ. ಬರೋಡಾದಿಂದ ಮೈಸೂರಿಗೆ ಆಗ ಎರಡು ಗಂಟೆಯ ವಿಮಾನ ಇದ್ದಿದ್ದರೆ ಖಾನ್ ಸಾಹೇಬರು ಧಾರವಾಡದ ಮೇಲೆ ಹಾರಿ ಹೋಗುತ್ತಿದ್ದರು. ಕೆಳಗೆ ಯಾರಿಗೂ ಏನೂ ಕೇಳಿಸುತ್ತಿರಲಿಲ್ಲ.

ಇರಲಿ, ನನ್ನ ಲೆಕ್ಕಕ್ಕೆ ಬರುತ್ತೇನೆ.

ನಮ್ಮದು ತಿಪಟೂರಿನ ಹತ್ತಿರದ ಒಂದು ಹಳ್ಳಿ. ತೆಂಗಿನ ತೋಟ, ಅಟ್ಟದ ಮೇಲೆ ಕೊಬ್ಬರಿ. ತಿಪಟೂರಿನ ಉಂಡೆ ಕೊಬ್ಬರಿ ಲಾರಿಗಳಲ್ಲಿ ಉತ್ತರದ ಕಡೆಗೆ ಹೋಗುವುದನ್ನು ನೋಡುತ್ತಾ ಬೆಳೆದವನು ನಾನು. ಒಂದು ದಿನ ನಾನೂ ಹಾಗೇ ಹೊರಟೆ.

1992ರ ನವೆಂಬರ್. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಶಾಖೆಗೆ ಫೋನ್ ಬಂತು. ತಿಪಟೂರಿನ ಎಸ್‌ಟಿಡಿ ಬೂತಿನಿಂದ ತಮ್ಮ. "ಅಣ್ಣ, ಅಪ್ಪನಿಗೆ ಜಾಸ್ತಿಯಾಗಿದೆ, ತಕ್ಷಣ ಹೊರಡು" ಅಂದ. ಅಷ್ಟರಲ್ಲಿ ಲೈನು ಕಟ್ಟಾಯಿತು.

ವಿಮಾನದ ಯೋಚನೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂತು. ಇಲ್ಲಿಂದ ಬೊಂಬಾಯಿಗೆ ವಿಮಾನವಿತ್ತು, ಅಲ್ಲಿ ರಾತ್ರಿ ಕಳೆದು ಬೆಂಗಳೂರಿನದು ಹಿಡಿಯಬೇಕು. ಒಂದು ಟ್ರಾವೆಲ್ ಏಜೆನ್ಸಿಗೆ ಓಡಿದೆ. ದರ ಕೇಳಿ ಬೆವರಿದೆ. ಆ ತಿಂಗಳ ಸಂಬಳದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿತ್ತು. ಸಾಲ ಮಾಡಿಯಾದರೂ ಕೊಡುತ್ತೇನೆ ಅಂದರೆ, ಬೆಂಗಳೂರಿನ ವಿಮಾನದಲ್ಲಿ ಸೀಟೇ ಇಲ್ಲ, ವೇಟಿಂಗ್ ಲಿಸ್ಟು, ಹೇಳಲಾಗದು ಅಂದ. ದೇಶದೊಳಗಿನ ಹಾರಾಟ 1953ರ ರಾಷ್ಟ್ರೀಕರಣದಿಂದ ಸರ್ಕಾರಿ ಸಂಸ್ಥೆಯೊಂದರದೇ ಆಗಿತ್ತು. ಖಾಸಗಿಯವರು ಆಗ ತಾನೇ ಒಬ್ಬೊಬ್ಬರಾಗಿ ಶುರು ಮಾಡುತ್ತಿದ್ದರು. ವಿಮಾನ ಎಂದರೆ ದೊಡ್ಡ ಸಾಹೇಬರದು. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ನೇರ ಬೆಂಗಳೂರಿಗೆ ಹೋಗಬಹುದಿತ್ತು, ನಿಜ. ಆದರೆ ಅದೂ ಬೊಂಬಾಯಿಯಿಂದ ಇಪ್ಪತ್ತನಾಲ್ಕು ಗಂಟೆ, ಮೇಲೆ ಬೆಂಗಳೂರಿನಿಂದ ತಿಪಟೂರಿಗೆ ವಾಪಸ್.

ಸಂಜೆಯ ಗಾಡಿ ಹತ್ತಿ ರಾತ್ರಿ ಬೊಂಬಾಯಿ. ದಾದರ್ ಸ್ಟೇಷನ್ನಿನ ಮೇಲ್ಸೇತುವೆ ದಾಟಿ ಪಶ್ಚಿಮದ ಹಳಿಯಿಂದ ಮಧ್ಯ ರೈಲ್ವೆಯ ಹಳಿಗೆ ಬಂದು ಪ್ಲಾಟ್‌ಫಾರಂ ಮೇಲೆ ಬೆಳಗು ಮಾಡಿದೆ. ಬುಧವಾರ ಬೆಳಗಿನ ಗಾಡಿ, ಸಂಜೆಗೆ ಮೀರಜ್. ಅಲ್ಲಿ ಮೀಟರ್ ಗೇಜ್ ಗಾಡಿ, ಕಾಲಿಡಲು ಜಾಗವಿಲ್ಲದ ಜನರಲ್ ಬೋಗಿ. ಅದು ತೂಗಿಕೊಂಡು, ನಿಂತುಕೊಂಡು, ಹುಬ್ಬಳ್ಳಿ, ಹಾವೇರಿ, ದಾವಣಗೆರೆ... ಗುರುವಾರ ಅರಸೀಕೆರೆಯಲ್ಲಿ ಇಳಿದು ಬಸ್ಸು ಹಿಡಿದೆ. ಮನೆಯ ಮುಂದೆ ಇಳಿದಾಗ ಮಧ್ಯಾಹ್ನ. ಅಂಗಳದಲ್ಲಿ ಚಪ್ಪರದ ಹಾಗೆ ಏನೋ ಕಟ್ಟಿದ್ದರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಅಳಲೂ ಇಲ್ಲ.

ಅಪ್ಪ ಹೋದದ್ದು ಮಂಗಳವಾರ ಮಧ್ಯಾಹ್ನವೇ, ನಾನು ಏಜೆನ್ಸಿಯಲ್ಲಿ ನಿಂತಿದ್ದಾಗ. ಬುಧವಾರ ಬೆಳಿಗ್ಗೆ ಮುಗಿಸಿಬಿಟ್ಟರು. ನಾನು ಹಿರಿಮಗ. ಕೊಳ್ಳಿ ಇಟ್ಟವನು ತಮ್ಮ. "ನಿನಗೆ ಕಾಯೋಕಾಗಲಿಲ್ಲ ಕಣಪ್ಪ, ಎರಡು ದಿನ ಹೆಂಗೆ ಇಡೋದು" ಅಂದರು ಚಿಕ್ಕಪ್ಪ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಹೊರಟ ಗಳಿಗೆಯಲ್ಲೇ ಊರಿನ ಯಾರಿಗಾದರೂ ಗೊತ್ತಿದ್ದ ಲೆಕ್ಕ ಅದು, ಬರೋಡಾ ಎಂದರೆ ಎರಡು ದಿನ.

ಈಗ ಆ ದಿನಾಂಕ ನೆನಪು ಮಾಡಿಕೊಳ್ಳಿ. 1932ರಲ್ಲಿ ಒಂದು ಕಾಗದ ಅಹಮದಾಬಾದಿನಿಂದ ಬಳ್ಳಾರಿಗೆ ಹೋಗಿ ಸೇರಲು ತೆಗೆದುಕೊಂಡದ್ದು ಒಂದು ಹಗಲು. ಅರವತ್ತು ವರ್ಷ ಕಳೆದ ಮೇಲೆ ಒಬ್ಬ ಮಗ ತೆಗೆದುಕೊಂಡದ್ದು ಎರಡು ಹಗಲು ಎರಡು ರಾತ್ರಿ. ಈ ವಿಷಯ ನಾನು ಓದಿದ್ದು ಎಷ್ಟೋ ವರ್ಷ ಆದ ಮೇಲೆ. ಆವತ್ತು ಪುಸ್ತಕ ಮುಚ್ಚಿಟ್ಟು ಆಲ್ಕಾಪುರಿಯ ರಸ್ತೆಯಲ್ಲಿ ಸುಮ್ಮನೆ ಒಂದು ಸುತ್ತು ನಡೆದು ಬಂದೆ.

ಅದೇ 1992ರಲ್ಲಿ ರೈಲ್ವೆಯವರು ಯುನಿಗೇಜ್ ಯೋಜನೆ ಶುರು ಮಾಡಿದ್ದರು. ಕೆಲವೇ ವರ್ಷದಲ್ಲಿ ಬೆಂಗಳೂರು, ಹುಬ್ಬಳ್ಳಿ, ಮೀರಜ್ ಎಲ್ಲ ಬ್ರಾಡ್ ಗೇಜ್ ಆಯಿತು. ಗುಜರಾತಿನಿಂದ ಬರುವ ಗಾಡಿ ವಸಯಿಯಲ್ಲಿ ತಿರುಗಿ ಕಲ್ಯಾಣ, ಪುಣೆಯ ಮೇಲೆ ನೇರ ನಮ್ಮೂರ ಕಡೆಗೆ ಬರತೊಡಗಿತು. ದಾದರ್ ಸೇತುವೆ ಇಲ್ಲ, ಮೀರಜಿನ ಓಟ ಇಲ್ಲ. ನಲವತ್ತೆಂಟು ಗಂಟೆಯ ದಾರಿ ಮೂವತ್ತರ ಆಚೀಚೆಗೆ ಇಳಿಯಿತು. ಗಾಡಿ ವೇಗವಾಗಿ ಓಡಿತೆಂದು ಅಲ್ಲ, ನಾವು ಕಾಯುವುದು ತಪ್ಪಿತೆಂದು! ಈ ಗಾಡಿಗಳ ಹೆಸರು ನೋಡಿ: ಗಾಂಧೀಧಾಮ, ಜೋಧಪುರ, ಅಜ್ಮೇರ್. ಚಿಕ್ಕಪೇಟೆಯ ಅಂಗಡಿಗಳ ರಾಜಸ್ಥಾನದವರು ಊರಿಗೆ ಹೋಗಿಬರಲು ಬೇಕಿದ್ದವು ಅನ್ನಿಸುತ್ತದೆ. ಬರೋಡಾದ ಕನ್ನಡಿಗ ಅವರ ಗಾಡಿಯಲ್ಲಿ ಅರ್ಧ ದಾರಿಯಲ್ಲಿ ಹತ್ತಿಕೊಳ್ಳುವ ನೆಂಟ. ರಿಫೈನರಿ, ಗೊಬ್ಬರದ ಕಾರ್ಖಾನೆ, ಐಪಿಸಿಎಲ್ ಎಂದು ಅರವತ್ತು ಎಪ್ಪತ್ತರ ದಶಕದಲ್ಲೇ ಬಂದ ನಮ್ಮ ಹಿರಿಯರು ಇಂಥ ಸುಖ ಕಾಣದೆಯೇ ರಿಟೈರ್ ಆದರು.

ವಿಮಾನದ ಬಾಗಿಲು ನಮ್ಮಂಥವರಿಗೆ ತೆರೆದದ್ದು ಇನ್ನೂ ತಡವಾಗಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿತು. ಒಂದು ರೂಪಾಯಿ ಟಿಕೆಟ್ ಕೇಳಿ ನಕ್ಕವರೆಲ್ಲ ಆಮೇಲೆ ಸಾಲಿನಲ್ಲಿ ನಿಂತರು. ಆ ಕಂಪನಿ ಉಳಿಯಲಿಲ್ಲ, ಅದು ತೋರಿಸಿದ ದರ ಉಳಿಯಿತು. ಮೊದಮೊದಲು ನಾವು ನೇರ ವಿಮಾನಕ್ಕೆ ಅಹಮದಾಬಾದಿಗೆ ಹೋಗುತ್ತಿದ್ದೆವು. ಎಕ್ಸ್‌ಪ್ರೆಸ್‌ವೇ ಆದದ್ದರಿಂದ ಅದೂ ಕಷ್ಟವಾಗಲಿಲ್ಲ. ಆಮೇಲೆ ನಮ್ಮ ಹರಣಿ ವಿಮಾನ ನಿಲ್ದಾಣದಿಂದಲೇ ಬೆಂಗಳೂರಿಗೆ ನೇರ.

2022ರಲ್ಲಿ ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಮೊಬೈಲ್ ಬಡಿದುಕೊಂಡಿತು. ತಮ್ಮ. ಈ ಸಲ ಲೈನು ಕಟ್ಟಾಗಲಿಲ್ಲ. "ಅವ್ವ ಹೋದ್ಲು ಕಣಣ್ಣ" ಅಂದ. ಫೋನು ಇಡುವ ಮೊದಲೇ ಹಿಂದೆ ಚಿಕ್ಕಪ್ಪನ ಧ್ವನಿ ಕೇಳಿಸಿತು. ಎಂಬತ್ತು ದಾಟಿದ ಮನುಷ್ಯ, ಬೆಂಗಳೂರು ವಿಮಾನ ನಿಲ್ದಾಣದ ಮುಖ ಕಂಡವರಲ್ಲ. "ಬೆಳಿಗ್ಗೆ ವಿಮಾನ ಐತಂತೆ, ಎರಡು ಗಂಟೆ ಅಷ್ಟೇ. ಸಂಜೆ ಒಳಗೆ ಬರ್ತಾನೆ. ಇಡ್ರಿ, ಅವನು ಬರಲಿ."

ಕುಳಿತು ಟಿಕೆಟ್ ಮಾಡಿದ್ದಕ್ಕೆ ಹತ್ತು ನಿಮಿಷ. ಮಳೆಗಾಲ ಅದು. ಆಲ್ಕಾಪುರಿಯವರಿಗೆ ಗೊತ್ತು, ಮಳೆ ಜೋರಾದರೆ ರೈಲು ಹಳಿಯ ಕೆಳಗಿನ ನಮ್ಮ ಗರನಾಳಾ ಕೆರೆಯಾಗುತ್ತದೆ. ಹರಣಿ ಇರುವುದು ಹಳಿಯ ಆಚೆ. ಆಟೋದವನು ಸುತ್ತು ಹಾಕಿ ಮೇಲ್ಸೇತುವೆ ಹಿಡಿದು ಕರೆದೊಯ್ದ. ಅಷ್ಟು ಹೊತ್ತೂ ಗಡಿಯಾರ ನೋಡುತ್ತಿದ್ದೆ. ಸೆಕ್ಯೂರಿಟಿ, ಕಾಯುವುದು, ಹಾರುವುದು, ದೇವನಹಳ್ಳಿಯಲ್ಲಿ ಇಳಿಯುವುದು. ಬೆಂಗಳೂರಿನ ನಿಲ್ದಾಣ 2008ರಲ್ಲಿ ಹೆಚ್‌ಎಎಲ್‌ನಿಂದ ಅಲ್ಲಿಗೆ ಹೋದದ್ದಕ್ಕೆ ಬೈದುಕೊಳ್ಳುವವರು ಬಹಳ. ನನಗೆ ಆವತ್ತು ಅದೇ ಅನುಕೂಲವಾಯಿತು. ಊರೊಳಗೆ ಹೋಗದೆ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು ಎಂದು ಹೊರಗಿನಿಂದಲೇ ಹೋದೆವು. ಹಳ್ಳಿ ಮುಟ್ಟಿದಾಗ ಮೂರು ಗಂಟೆ. ಮನೆಯಿಂದ ಮನೆಗೆ ಒಂಬತ್ತು ಗಂಟೆ, ಆಕಾಶದಲ್ಲಿದ್ದದ್ದು ಎರಡು.

ಅವ್ವನ ಮುಖ ನೋಡಿದೆ. ಹಣೆಯ ಮೇಲೆ ಯಾರೋ ದೊಡ್ಡದಾಗಿ ಕುಂಕುಮ ಇಟ್ಟಿದ್ದರು, ಅಪ್ಪ ಹೋದಾಗಿನಿಂದ ಅವಳು ಇಟ್ಟಿರಲಿಲ್ಲ. ತಮ್ಮ ಕೊಳ್ಳಿ ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತ.

ಹುಡುಗಿಗೆ ಇದನ್ನೆಲ್ಲ ಹೇಳಲಿಲ್ಲ, ಯಾಕೆ ಹೇಳಬೇಕು. ಲೆಕ್ಕ ಮಾತ್ರ ಹೇಳಿದೆ: ಬೆಂಗಳೂರಿಗೆ ಎರಡು ಗಂಟೆ ನಿಜ, ಆದರೆ ನಿನ್ನ ಊರು ದಾವಣಗೆರೆ. ಬೆಂಗಳೂರಿಗೆ ಹಾರಿ, ಹಾರಿ ಬಂದ ದಾರಿಯಲ್ಲೇ ಇನ್ನೂರೈವತ್ತು ಕಿ.ಮೀ. ಮೇಲೆ ಹಿಂದಕ್ಕೆ ಬರಬೇಕು. ರೈಲಾದರೆ ಆಲ್ಕಾಪುರಿಯಿಂದ ಸ್ಟೇಷನ್ನಿಗೆ ನಡೆದು ಹೋಗಬಹುದು, ಇಳಿದು ಹತ್ತುವುದಿಲ್ಲದೆ ದಾವಣಗೆರೆಯಲ್ಲೇ ಇಳಿಯಬಹುದು. ಅವಸರಕ್ಕೆ ವಿಮಾನ ಇಟ್ಟುಕೋ, ಹಬ್ಬಕ್ಕೆ ರೈಲು.

ಯೋಚನೆ ಮಾಡಿ ಮೊನ್ನೆ ರೈಲಿಗೇ ಬುಕ್ ಮಾಡಿದಳು. ಬರುವಾಗ ಅವರಮ್ಮ ಮಾವಿನಮಿಡಿ ಉಪ್ಪಿನಕಾಯಿ ಭರಣಿ ಕಳಿಸುತ್ತಾರಂತೆ, ವಿಮಾನದಲ್ಲಿ ಕೈಯಲ್ಲಿ ಹಿಡಿದುಕೊಂಡು ಬರಲು ಬಿಡುವುದಿಲ್ಲವಂತೆ. "ಸಾರ್, ನಿಮಗೂ ಒಂದು ಡಬ್ಬಿ" ಅಂದಿದ್ದಾಳೆ. ಮೀರಜಿನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕೆಳಗಿಳಿದು ಒಂದು ಟೀ ಕುಡಿ ಎಂದು ಹೇಳಿ ಕಳಿಸಿದ್ದೇನೆ.